ಸ್ವಲ್ಪ ಅಡ್ಜಸ್ಟ್ ಮಾಡ್ಕೋಬೇಕು

ಹುಡುಗಿ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್. ಅವಳನ್ನು ನೋಡಲು ಬಂದಿದ್ದ ಹುಡುಗನ ತಾಯಿ ಉಪ್ಪಿಟ್ಟು ಮುಗಿಸಿ, ತಟ್ಟೆ ಕೆಳಗಿಟ್ಟು ಹೇಳಿದರು:

"ನಮ್ಮನೇಲಿ ಎಲ್ಲಾ ಚೆನ್ನಾಗಿದೆ ಕಣಮ್ಮ. ನೀನು ಸ್ವಲ್ಪ ಅಡ್ಜಸ್ಟ್ ಮಾಡ್ಕೋಬೇಕು, ಅಷ್ಟೆ."

"ಅಂದ್ರೆ?"

"ಎಲ್ಲರಿಗಿಂತ ಮುಂಚೆ ಏಳ್ಬೇಕು."

"ಏಳ್ತೀನಿ. ಊರಿನ ಮೊದಲನೇ ಬಸ್ಸು ನಂದೇ."

"ಎಲ್ಲರದೂ ಆದ್ಮೇಲೆ ಉಣ್ಬೇಕು. ಅದೂ ಅಡ್ಜಸ್ಟೇ. ನಮ್ಮ ಯಜಮಾನ್ರು ಕೂಗಾಡಿದ್ರೆ ಸುಮ್ನಿರ್ಬೇಕು. ಅದೂ ಅಡ್ಜಸ್ಟೇ."

"ಮತ್ತೆ?"

"ಈ ಕಂಡಕ್ಟರ್ ಕೆಲಸ ಬಿಡ್ಬೇಕು."

ಹುಡುಗಿ ನಕ್ಕಳು.

"ಒಂದು ಪದಕ್ಕೆ ಇಷ್ಟೊಂದು ಅರ್ಥ ಇದೆ ಅಂತ ಗೊತ್ತಿರ್ಲಿಲ್ಲ ಅಮ್ಮ. ನಮ್ಮ ಬಸ್ಸಲ್ಲಿ ಅಡ್ಜಸ್ಟ್ ಮಾಡ್ಕೊಳ್ಳಿ ಅಂದ್ರೆ ಸೀಟಲ್ಲಿರೋರೆಲ್ಲ ಒಂದೊಂದು ಗೇಣು ಸರೀತಾರೆ. ನಿಮ್ಮನೇಲಿ ಒಬ್ಬಳೇ ಸರೀಬೇಕಾ? ಕೆಲಸ ಮಾತ್ರ ನಾನು ಬಿಡಲ್ಲ."

ಹುಡುಗನ ತಂದೆ ಕೂತಲ್ಲಿಂದಲೇ ಗುಡುಗಿದರು. "ನಡಿಯೇ, ಹೊರಡೋಣ. ಈ ಬಾಯಿ ನಮ್ಮನೆಗೆ ಆಗಲ್ಲ."

ತಾಯಿ ಏಳಲಿಲ್ಲ. ಸೋಫಾದ ಮುಕ್ಕಾಲು ಪಾಲು ಆಕ್ರಮಿಸಿ ಕಾಲಗಲಿಸಿ ಕುಳಿತಿದ್ದ ಗಂಡನನ್ನೂ ತಾವು ಕುಳಿತಿದ್ದ ಅಂಚನ್ನೂ ಒಮ್ಮೆ ನೋಡಿದರು.

"ರೀ, ಆ ಕಡೆ ಸರೀರಿ. ಮದುವೆಯಾದಾಗಿಂದ ಅಂಚಲ್ಲೇ ಕೂತಿದ್ದೀನಿ."