ಹನ್ನೊಂದು ರೆಕಾರ್ಡಿನಲ್ಲಿ ಒಂದೇ ತಪ್ಪು

ಪಾಠಯೋಜನೆಯ ಹನ್ನೊಂದನೆಯ ರೆಕಾರ್ಡು ಪುಸ್ತಕವನ್ನು ತೆರೆದು ಪರಮಶಿವಯ್ಯ ಬೆರಳಿಟ್ಟರು. ಅಲ್ಲೂ ಅದೇ ತಪ್ಪು.

‘ದೊಡ್ಡರಂಗಯ್ಯನ ತೋಟದಲ್ಲಿ ಒಂದು ಸಾಲು 480 ಅಡಿ. ಈ ತುದಿಯಿಂದ ಆ ತುದಿಯವರೆಗೆ ಮೂವತ್ತು ಅಡಿಗೊಂದು ತೆಂಗಿನ ಸಸಿ ನೆಡಬೇಕು. ಎಷ್ಟು ಸಸಿ ಬೇಕು?’ ಉತ್ತರ: ಹದಿನಾರು. ಎರಡೂ ತುದಿಗೆ ಸಸಿ ಬೇಕಾದ್ದರಿಂದ ಸರಿಯುತ್ತರ ಹದಿನೇಳು. ಹನ್ನೊಂದು ಪ್ರಶಿಕ್ಷಣಾರ್ಥಿಗಳು, ಹನ್ನೊಂದು ಕೈಬರಹ. ದೊಡ್ಡರಂಗಯ್ಯ ಮಾತ್ರ ಒಬ್ಬನೇ.

ಶಿಕ್ಷಕರನ್ನು ತಯಾರು ಮಾಡಲೆಂದೇ ಸ್ಥಾಪಿಸಿದ ಆ ವಿಶ್ವವಿದ್ಯಾಲಯಕ್ಕೆ ಈಗ ಮೂರು ವರ್ಷ. ಪರಮಶಿವಯ್ಯ ಅದರ ಉಪಕುಲಸಚಿವರು. ಪಾಠಯೋಜನೆ ನಕಲು ಮಾಡುವುದನ್ನು ತಡೆಯುವ ನಿಯಮದ ಕರಡು ಬರೆದವರೂ ಅವರೇ. ನಕಲು ಮಾಡಿದವರಿಗೆ ಒಂದು ವರ್ಷ ಪರೀಕ್ಷೆ ಇಲ್ಲ. ಪಾಠ ಒದಗಿಸಿದವರಿಗೆ ಈ ವಿಶ್ವವಿದ್ಯಾಲಯದಿಂದ ಎಂದೆಂದಿಗೂ ಪದವಿ ಇಲ್ಲ. ಸಿಂಡಿಕೇಟ್ ಒಪ್ಪಿದ ಮೇಲೆ ಸಿಕ್ಕಿದ ಮೊದಲ ಪ್ರಕರಣ ತಿಪಟೂರಿನ ಈ ಬಿ.ಎಡ್. ಕಾಲೇಜಿನದು. ಸೋಮವಾರದ ಸಭೆಗೆ ವರದಿ ಹೋಗಬೇಕು.

ಹನ್ನೊಂದು ಮಂದಿಯಲ್ಲಿ ಮೊದಲು ಇಂಪನಾಳನ್ನು ಕರೆಸಿದರು.

“ಬೇಕಂತ್ಲೇ ತಪ್ಪು ಬರ್ದಿದ್ದು ಸಾರ್. ಬೋರ್ಡ್ ಮೇಲೆ ಹದಿನಾರು ಅಂತ ಬರ್ದು ಸುಮ್ನೆ ನಿಂತ್ಕಂಡ್ರೆ, ಗಿಡ ನೆಟ್ಟಿರೋ ಮನೆ ಹುಡುಗ್ರು ಎದ್ದು ಜಗಳಕ್ಕೇ ಬತ್ತಾರೆ. ಅಲ್ಲಿಂದ ಪಾಠ ಶುರು.”

“ಹನ್ನೊಂದು ಜನಕ್ಕೂ ಒಟ್ಟಿಗೇ ಜ್ಞಾನೋದಯ ಆಯ್ತೇನಮ್ಮಾ?”



ಆಮೇಲೆ ಭುವನ್ ಬಂದ. “ದೊಡ್ಡರಂಗಯ್ಯ ಅಂದ್ರೆ ಯಾರಪ್ಪ?”

“ಯಾರೂ ಅಲ್ಲ ಸಾರ್. ಕಲ್ಪನೆ.”

“ನಿನ್ನ ಕಲ್ಪನೇನೋ, ಇಂಪನಾದೋ?”

ಭುವನ್‌ನ ಕಿವಿ ಕೆಂಪಾಯಿತು. ಬಾಯಿ ಬಿಡಲಿಲ್ಲ. ಉಳಿದ ಒಂಬತ್ತು ಮಂದಿಯೂ ಅಷ್ಟೇ. ಯಾರನ್ನೋ ಬಚ್ಚಿಡುತ್ತಿದ್ದಾರೆ. ಪರಮಶಿವಯ್ಯನವರಿಗೆ ಅನುಮಾನವೇ ಉಳಿಯಲಿಲ್ಲ.

ಕಾಲೇಜಿನ ಎದುರು ಮುಜಾಫರನ ಜೆರಾಕ್ಸ್ ಅಂಗಡಿ. ಪಾಠಯೋಜನೆ ಮಾರುವುದಾದರೆ ಇಲ್ಲೇ ಮಾರಬೇಕು.

“ನಮ್ ಮಿಷನ್ನು ಪೇಪರ್ ನುಂಗ್ದೆ ಎರಡು ಪುಟ ಕಕ್ಕಿದ್ರೆ ಅವತ್ತು ನಮಗೆ ಹಬ್ಬ ಸಾರ್,” ಎಂದ ಮುಜಾಫರ್. “ಇನ್ನು ಇದ್ರಲ್ಲಿ ಕಳ್ಳ ದಂಧೆ ಬೇರೆ ನಡೆಸ್ಲಾ?” ಹುಡುಕಿದರೂ ಏನೂ ಸಿಗಲಿಲ್ಲ.

ಹನ್ನೊಂದೂ ಮಂದಿಯ ಅಂಕಪಟ್ಟಿ ತರಿಸಿ ನೋಡಿದರು. ಪದವಿ ಓದಿದ ಕಾಲೇಜು ಬೇರೆ ಬೇರೆ, ವರ್ಷ ಬೇರೆ ಬೇರೆ. ಸಮಾನವಾಗಿದ್ದದ್ದು ಒಂದೇ: ಎಲ್ಲರೂ ಬರುವುದು ದಬ್ಬೇಘಟ್ಟದ ಕಡೆಯ ಬಸ್ಸಿನಲ್ಲಿ. ಹಾಗಾದರೆ ಪಾಠ ಕೈ ಬದಲಾಗುವುದು ಅಲ್ಲೇ.

ಅದೇ ಬಸ್ಸಿನಲ್ಲಿ ಹನ್ನೆರಡನೆಯವರೊಬ್ಬರು ಬರುತ್ತಿದ್ದರು. ಅಜೀಮುನ್ನೀಸಾ, ತರಗತಿಯಲ್ಲಿ ಎಲ್ಲರಿಗಿಂತ ಹಿರಿಯರು, ವಯಸ್ಸು ನಲವತ್ತಾರು. ಆಕೆಯ ರೆಕಾರ್ಡಿನಲ್ಲಿ ದೊಡ್ಡರಂಗಯ್ಯನ ಸುಳಿವಿಲ್ಲ. ವಿಶ್ವವಿದ್ಯಾಲಯ ಕಳಿಸಿದ ಮಾದರಿ ಹೇಗಿದೆಯೋ ಹಾಗೆಯೇ, ಸಾಲಿಗೆ ಸಾಲು. ತಮ್ಮ ನಿಯಮವನ್ನು ಓದಿ ಪಾಲಿಸಿದ ಒಬ್ಬರಾದರೂ ಇದ್ದಾರಲ್ಲ ಎಂದು ಪರಮಶಿವಯ್ಯನವರಿಗೆ ಸಮಾಧಾನವಾಯಿತು.

“ಬಸ್ಸಲ್ಲಿ ಸ್ವಲ್ಪ ಗಮನ ಇಡಿ ತಾಯಿ. ಯಾರು ಯಾರಿಗೆ ಏನು ಕೊಡ್ತಾರೆ, ನನಗೆ ಹೇಳಿ.”

ಮೂರು ದಿನ ಬಿಟ್ಟು ಆಕೆ ಬಂದು ಹೇಳಿದರು: “ಬಸ್ಸಲ್ಲಿ ಯಾರೂ ಯಾರಿಗೂ ಏನೂ ಕೊಡಲ್ಲ ಸಾರ್. ಆ ಭುವನ್ ಸುಳ್ಳು ಹೇಳಿದ್ರೆ ಕಿವಿ ಕೆಂಪಾಗ್ತದೆ, ನೋಡಿದ್ರಾ? ಕದಿಯೋಷ್ಟು ಧೈರ್ಯ ಇಲ್ಲ ಅವನಿಗೆ.”

ಒಳ್ಳೆಯ ಕಣ್ಣು ಎಂದುಕೊಂಡರು ಪರಮಶಿವಯ್ಯ.

ಶುಕ್ರವಾರ ಹನ್ನೊಂದೂ ಮಂದಿಯನ್ನು ಒಂದೇ ಕೋಣೆಯಲ್ಲಿ ಕೂರಿಸಿದರು. ಉಪಕುಲಸಚಿವರು ಒಳಗೆ ಬಂದಾಗ ಅವರು ಎದ್ದದ್ದು ಅರೆಬರೆ. ಅವರ ಹಿಂದೆಯೇ ಅಜೀಮುನ್ನೀಸಾ ಬಂದರು. ಹನ್ನೊಂದೂ ಮಂದಿ ನೆಟ್ಟಗೆ ನಿಂತರು. ಭುವನ್ ತೆರೆದಿದ್ದ ಅಂಗಿಯ ಗುಂಡಿ ಹಾಕಿಕೊಂಡ.

ಸಾಕ್ಷಿಯನ್ನು ಕಂಡು ಹೆದರಿದ್ದಾರೆ. ಪರಮಶಿವಯ್ಯ ಅದನ್ನೂ ಗುರುತು ಹಾಕಿಕೊಂಡರು.

“ಇವ್ರು ಹೆಸರು ಹೇಳ್ದೆ ಇದ್ರೆ ಏನಾಯ್ತದೆ ಸಾರ್?” ಅಜೀಮುನ್ನೀಸಾ ಮೆಲ್ಲಗೆ ಕೇಳಿದರು.

“ಎಲ್ಲರಿಗೂ ಒಂದು ವರ್ಷ ಹೋಯ್ತು.”

“ಹೇಳಿದ್ರೆ?”

“ಎಚ್ಚರಿಕೆ ಕೊಟ್ಟು ಪರೀಕ್ಷೆಗೆ ಕೂರಿಸಬಹುದು. ಪಾಠ ಒದಗಿಸಿದವರನ್ನ ಮಾತ್ರ ಬಿಡೋ ಹಾಗಿಲ್ಲ.”

“ಅವ್ರದ್ದೂ ಇನ್ನು ಮೂರೇ ತಿಂಗಳು ಓದು ಬಾಕಿ ಇದ್ರೂ?”

ಪರಮಶಿವಯ್ಯ ಚುರುಕಾದರು. ಅಂದರೆ ಕಳ್ಳ ಕಾಲೇಜಿನ ಒಳಗೇ ಇದ್ದಾನೆ, ಈಕೆಗೆ ಗೊತ್ತು.

“ಮೂರು ದಿನ ಬಾಕಿ ಇದ್ರೂ ಅಷ್ಟೇ. ನಿಮಗೆ ಗೊತ್ತಿದೆ ಅಲ್ವೇನ್ರಿ?”

“ಬ್ಯಾಡ,” ಎಂದಳು ಇಂಪನಾ. ಅವಳು ಮತ್ತೆ ಎದ್ದು ನಿಂತಿದ್ದಳು. “ಸಾರ್, ನಮ್ಗೆ ಒಂದು ವರ್ಷ ಹೋದ್ರೂ ಪರವಾಗಿಲ್ಲ, ಬುಡಿ.”

“ಸುಮ್ನೆ ಕೂತ್ಕಳೇ,” ಎಂದರು ಅಜೀಮುನ್ನೀಸಾ. ಇಂಪನಾ ತಟ್ಟನೆ ಕೂತಳು.

ಪರಮಶಿವಯ್ಯ ಒಂದು ಬಿಳಿ ಹಾಳೆಯನ್ನು ಸಾಕ್ಷಿಯ ಮುಂದೆ ಸರಿಸಿದರು. ಆಕೆ ತುಸು ಹೊತ್ತು ಹನ್ನೊಂದು ಮುಖಗಳನ್ನೂ ಒಂದೊಂದಾಗಿ ನೋಡಿದರು. ಆಮೇಲೆ ಬರೆದು, ಹಾಳೆಯನ್ನು ತಿರುಗಿಸಿ ಕೊಟ್ಟರು.

ಪರಮಶಿವಯ್ಯ ಓದಿ ಹಣೆ ಗಂಟಿಕ್ಕಿದರು. “ನಿಮ್ಮ ಹೆಸರಲ್ಲಮ್ಮ. ಪಾಠ ಒದಗಿಸಿದವರ ಹೆಸರು ಕೇಳಿದ್ದು.”

“ಅದೇ ಸಾರ್. ಆರನೇ ಕ್ಲಾಸಲ್ಲಿ ಈ ಮಕ್ಕಳಿಗೆಲ್ಲ ಆ ಲೆಕ್ಕ ಹೇಳ್ಕೊಟ್ಟೋಳು ನಾನೇ, ಬಿ.ಎಡ್. ಇಲ್ಲ ಅಂತ ಸ್ಕೂಲಿಂದ ತೆಗೆದ್ರು, ಅದಕ್ಕೇ ಈಗ ಇವ್ರ ಜೊತೆ ಬೆಂಚಲ್ಲಿ ಕೂತಿದೀನಿ.”