ಹಸಿರು ಉಂಗುರಗಳು

“ಉಸಿರು ಯಾಕೋ ಬಿಗಿ ಹಿಡ್ಕೊಂಡಿದ್ದೀಯ? ಎಕ್ಸ್‌ರೇ ಅಲ್ಲ ಇದು, ಸುಮ್ನೆ ನೋಡು,” ಎಂದು ಅಕ್ಕ ತಮ್ಮನ ತಲೆಯನ್ನು ಮೈಕ್ರೋಸ್ಕೋಪಿನ ಮೇಲೆ ಬಗ್ಗಿಸಿದಳು. ಕಪ್ಪು ಪರದೆ ಎಳೆದ ಆ ಪುಟ್ಟ ಕೋಣೆಯಲ್ಲಿ ಅವನ ಗಲ್ಲದ ಮೇಲೆ ನೀಲಿ ಬೆಳಕು ಬಿದ್ದಿತ್ತು.

“ಅಯ್ಯೋ, ಬಳೆ ಅಂಗಡೀನೇ ಇದೆಯಲ್ಲಕ್ಕ ಇಲ್ಲಿ! ಎಲ್ಲಾ ಹಸಿರು.”

“ಅವೇ ನನ್ನ ಕ್ಯಾಪ್ಸೂಲುಗಳು. ಧೂಳಿನ ಕಣಕ್ಕಿಂತ ಚಿಕ್ಕವು. ಇನ್ಸುಲಿನ್ನು ಅವುಗಳ ಒಳಮೈಗೆ ಮೆತ್ಕೊಂಡಿರುತ್ತೆ. ನಾನು ಹಾಕಿರೋ ಬಣ್ಣ ಔಷಧಿಗೆ ಮಾತ್ರ ಅಂಟುತ್ತೆ. ಔಷಧಿ ಇದ್ರೆ ಹೊಳೆಯುತ್ತೆ, ಇಲ್ದಿದ್ರೆ ಕತ್ತಲೆ.”

ತಮ್ಮ ತಲೆ ಎತ್ತಲಿಲ್ಲ. ಚಿಕ್ಕಂದಿನಿಂದ ದಿನಾ ಹೊಟ್ಟೆಗೆ ಸೂಜಿ ಚುಚ್ಚಿಕೊಂಡು ಬೆಳೆದವನು. ಆ ಇನ್ಸುಲಿನ್ನನ್ನೇ ನುಂಗುವ ಮಾತ್ರೆ ಮಾಡಿಕೊಡುತ್ತೇನೆಂದು ಅವನಿಗೆ ಮಾತು ಕೊಟ್ಟ ಅಕ್ಕ, ಮದುವೆಯ ಸುದ್ದಿ ಎತ್ತಿದವರ ಬಾಯಿ ಮುಚ್ಚಿಸಿ ಈ ಕೋಣೆಯಲ್ಲೇ ಬೇರು ಬಿಟ್ಟಿದ್ದಳು.

“ಚುಚ್ಚೋಕೆ ಜಾಗಾನೇ ಉಳಿದಿಲ್ಲಕ್ಕ, ಹೊಟ್ಟೆ ಎಲ್ಲಾ ಗಂಟು. ಸದ್ಯ, ಇದು ಬಂತಲ್ಲ!”

ಇನ್ನೊಂದು ಸ್ಲೈಡನ್ನೂ ತೋರಿಸಿ ಅವನನ್ನು ನಗಿಸೋಣವೆಂದು ಅಕ್ಕ ಟ್ರೇಗೆ ಕೈ ಚಾಚಿದಳು. ಔಷಧಿ ತುಂಬಿದ್ದಕ್ಕೆ ಗುರುತಾಗಿ ಅವಳೇ ಇಟ್ಟಿದ್ದ ಕೆಂಪು ಚುಕ್ಕೆ ಟ್ರೇಯ ಸ್ಲೈಡಿನ ಮೇಲಿತ್ತು. ಸಂಭ್ರಮದಲ್ಲಿ ಅದಲುಬದಲಾಗಿ, ತಮ್ಮ ನೋಡುತ್ತಿದ್ದದ್ದು ಖಾಲಿ ಕ್ಯಾಪ್ಸೂಲುಗಳನ್ನು. ವರದಿಯಲ್ಲಿ ಹೋಲಿಕೆಗೆ ಪಕ್ಕದಲ್ಲಿಡಲು ಒಂದು ಕಪ್ಪು ಚಿತ್ರ ಬೇಕಲ್ಲ ಎಂದು ಅದೇ ಬಣ್ಣ ಹಾಕಿ ಇವತ್ತು ಮಾಡಿಕೊಂಡಿದ್ದ ಸ್ಲೈಡು ಅದು.

ಖಾಲಿಯದು ಹೊಳೆಯಬಾರದಿತ್ತು. ಬಣ್ಣ ಹಿಡಿದದ್ದು ಔಷಧಿಯನ್ನಲ್ಲ, ಬರೀ ಕ್ಯಾಪ್ಸೂಲಿನ ಹೊದಿಕೆಯನ್ನು. ಹಿಂದಿನ ವರ್ಷ ಹೊದಿಕೆಯ ವಸ್ತು ಬದಲಾಯಿಸಿದಾಗ ಖಾಲಿಯದನ್ನು ಮತ್ತೊಮ್ಮೆ ನೋಡದೆ ಬಿಟ್ಟಿದ್ದಳು. ಕತ್ತಲೆ ನೋಡುತ್ತ ಕೂರಲು ಯಾರಿಗೆ ಪುರುಸೊತ್ತು? ಅಂದಿನಿಂದ ಅವಳು ಕಂಡು ಹಿಗ್ಗಿದ ಉಂಗುರಗಳಲ್ಲಿ ಔಷಧಿ ಇತ್ತೆಂದು ಹೇಳಲು ಈಗ ಯಾವ ಆಧಾರವೂ ಇರಲಿಲ್ಲ. ಇನ್ನು ಮೊದಲಿನಿಂದ ಶುರು ಮಾಡುವ ಕಸುವು ತನ್ನಲ್ಲಿಲ್ಲ ಎಂಬುದೊಂದೇ ಅವಳಿಗೆ ಸ್ಪಷ್ಟವಾಗಿ ಗೊತ್ತಾಯಿತು.

“ಅಕ್ಕಾ, ಯಾಕೋ ಮಂಕಾಗ್ತಿದೆ,” ತಮ್ಮನಿಗೆ ಗಾಬರಿಯಾಯಿತು.

“ತುಂಬಾ ಹೊತ್ತು ನೋಡಿದ್ರೆ ಹಾಗೇನೇ. ಆ ಬೆಳಕಿಗೇ ಬಣ್ಣ ಹೋಗ್ಬಿಡುತ್ತೆ,” ಎಂದಳು ಎಲ್ಲೋ ನೋಡುತ್ತ.

ಅವನು ಥಟ್ಟನೆ ಹಿಂದೆ ಸರಿದು ಎರಡೂ ಅಂಗೈಗಳನ್ನು ಸ್ಲೈಡಿಗೆ ಮರೆಯಾಗಿ ಹಿಡಿದ. “ಮೊದ್ಲು ಲೈಟ್ ಆಫ್ ಮಾಡಕ್ಕ, ಔಷಧಿ ಹಾಳಾಗುತ್ತೆ!”