ಜನರಲ್ ಸಾಹೇಬರ ಸೆಲ್ಯೂಟ್

ಜನರಲ್ ತಾಂಗ್ ಮತ್ತೆ ಕೈಯೆತ್ತಿದರು. ನಡುಗುವ ಬೆರಳುಗಳು ಹಣೆಯಂಚಿಗೆ ಬಂದು ನಿಂತವು. ನರ್ಸ್ ಕಾತ್ಯಾಯಿನಿ ಗಂಜಿಯ ಬಟ್ಟಲು ಕೆಳಗಿಟ್ಟು, ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆದಳು. ಮುದುಕರ ಕಣ್ಣು ತುಂಬಿ ಬಂತು.

"ಈ ವಯಸ್ಸಲ್ಲೂ ಎಂಥಾ ಅಭಿಮಾನ ನೋಡೇ!" ಎಂದಳು ಜೊತೆಯ ನರ್ಸ್ ಸ್ಯಾಂಡ್ರಾ.

ಐರ್ಲೆಂಡಿನ ನೇಸ್ ಊರಾಚೆಯ ಆ ನರ್ಸಿಂಗ್ ಹೋಮಿಗೆ ಅವರು ಬಂದದ್ದು ಪಾರ್ಶ್ವವಾಯು ಹೊಡೆದ ಮೇಲೆ. ಎಡಮೈ ಹೋಗಿತ್ತು. ಕಲಿತಿದ್ದ ಇಂಗ್ಲಿಷೂ ಹೋಗಿ, ಚೀನಾದ ಹುಟ್ಟೂರಿನ ಆಡುನುಡಿಯೊಂದೇ ಉಳಿದಿತ್ತು. ಮಗಳು ತೀರಿಕೊಂಡಿದ್ದಳು. ಇದ್ದವಳು ಇಲ್ಲೇ ಹುಟ್ಟಿದ ಮೊಮ್ಮಗಳು ಜಿಯಾ ಒಬ್ಬಳೇ.

ತಾತನ ಕಥೆ ಹೇಳಿದವಳೂ ಅವಳೇ. ಮೀಸೆ ಮೂಡುವ ಮೊದಲೇ ಕೊರಿಯಾ ಯುದ್ಧ. ಅರಿವಳಿಕೆಯಿಲ್ಲದೆ ತೊಡೆಯ ಗುಂಡು ತೆಗೆಸಿಕೊಂಡರಂತೆ, ತುಟಿ ಪಿಟಕ್ಕೆನ್ನಲಿಲ್ಲವಂತೆ. ಸಾಂಸ್ಕೃತಿಕ ಕ್ರಾಂತಿಯಲ್ಲಿ ಸ್ವಂತ ಪಕ್ಷದವರೇ ಸಮವಸ್ತ್ರ ಕಳಚಿಸಿ ಹಂದಿ ಮೇಯಿಸಲು ಕಳಿಸಿದರು. ಆಮೇಲೆ ಅವರೇ ಕರೆದು ಜನರಲ್ ಮಾಡಿದರು.

ಈಗ ಅವರು ಊಟ ಬಿಟ್ಟಿದ್ದರು. ಕಿಟಕಿಯ ಪರದೆ ಸರಿಸಿದರೆ ಸಾಕು, ಚೀರಿ ಮುಖ ತಿರುಗಿಸುತ್ತಿದ್ದರು.

"ನೋವಿದೆಯಾ ಅಂತ ಕೇಳು," ಎಂದಳು ಕಾತ್ಯಾಯಿನಿ.

ಜಿಯಾ ತನಗೆ ಅರೆಬರೆ ಗೊತ್ತಿದ್ದ ತಾತನ ನುಡಿಯಲ್ಲಿ ತಡವರಿಸುತ್ತಾ ಕೇಳಿದಳು. ತಾತ ಏನೋ ಗೊಣಗಿದರು.

"'ಕತ್ತಲು' ಅನ್ನೋದೊಂದೇ ತಿಳೀತು. ಯುದ್ಧದಲ್ಲಿ ವಿಮಾನ ಬಂದಾಗ ಕತ್ತಲಲ್ಲಿ ಅಡಗ್ತಿದ್ರಂತೆ. ಅದನ್ನೇ ಹೇಳ್ತಿರಬೇಕು. ನೋವು ಅಂದ್ರೆ ತಾತಂಗೆ ಲೆಕ್ಕಕ್ಕೇ ಇಲ್ಲ."

"ಬಿಡೇ, ಸೆಲ್ಯೂಟ್ ಹೊಡೆಯೋಷ್ಟು ಚೆನ್ನಾಗಿದ್ದಾರಲ್ಲ," ಎಂದಳು ಸ್ಯಾಂಡ್ರಾ.

ಕಾತ್ಯಾಯಿನಿಗೆ ಸಮಾಧಾನವಾಗಲಿಲ್ಲ. ಆದರೆ ಮಾತು ತಿಳಿಯದ ಮೇಲೆ ಮಾಡುವುದೇನು? ಕೈಲಾದ ಗೌರವವನ್ನಾದರೂ ಕೊಡೋಣವೆಂದು, ಅವರು ಕೈಯೆತ್ತಿದಾಗಲೆಲ್ಲ ತಾನೂ ಎತ್ತಿದಳು.

ಆ ಮಧ್ಯಾಹ್ನ ಅವರು ಕೈ ಇಳಿಸಲೇ ಇಲ್ಲ. ವಾಂತಿಯಾಯಿತು. ಡಾಕ್ಟರು ಆಂಬುಲೆನ್ಸ್ ಕರೆಸಿ, ತಾಂಗ್ ಅವರ ಸೀಮೆಯವಳೇ ಆದ ದುಭಾಷಿಯನ್ನು ಫೋನಿನಲ್ಲಿ ಹುಡುಕಿ ಹಿಡಿದರು. ತಮ್ಮೂರಿನ ಮಾತು ಕಿವಿಗೆ ಬಿದ್ದದ್ದೇ ಮುದುಕರು ಬಿಕ್ಕಿ ಬಿಕ್ಕಿ ಏನೇನೋ ಹೇಳಿದರು.



"ಏನಂತೆ?" ಎಂದು ದುಭಾಷಿಯನ್ನು ಕೇಳಿದಳು ಕಾತ್ಯಾಯಿನಿ.

"ತಲೆ ಸಿಡಿದುಹೋಗುತ್ತಿದೆ ಎಂದು ಕೈಯಿಟ್ಟು ತೋರಿಸಿದಾಗಲೆಲ್ಲ, ಈ ನರ್ಸಮ್ಮ ನನಗೇಕೆ ಸೆಲ್ಯೂಟ್ ಹೊಡೆಯುತ್ತಾಳೆ, ಎಂದು ಕೇಳುತ್ತಿದ್ದಾರೆ."